ಹಿಡಿ ಅಕ್ಕಿಗೂ ರಶೀದಿ ಬೇಕು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ದುಡ್ಡಿನ ವಿಷಯವೇ. ಬೆಳೆ ಹಬ್ಬ ಹತ್ತಿರ ಬಂತು, ಮಿಷನ್ ಕೆಲಸಕ್ಕೆ ಕಾಣಿಕೆ ಹಾಕುವ ಕವರುಗಳು ಮನೆಮನೆ ತಲುಪಿವೆ, ಅದಕ್ಕೇ ಇರಬೇಕು. ಕಾಸರಗೋಡು ಕಡೆಯ ಕನ್ನಡ ಕ್ರೈಸ್ತ ಸಭೆಗಳಲ್ಲಿ ಸಭಾಪಾಲಕನಾಗಿ ದುಡಿದು ನಿವೃತ್ತನಾದವನು ನಾನು. ನಿಜ ಹೇಳಬೇಕೆಂದರೆ ಪ್ರಸಂಗ ಬರೆಯುವುದಕ್ಕಿಂತ ಜಾಸ್ತಿ ರಾತ್ರಿಗಳನ್ನು ಸಭೆಯ ಲೆಕ್ಕಪುಸ್ತಕದ ಮುಂದೆ ಕಳೆದಿದ್ದೇನೆ. ಹಾಗಾಗಿ ಉತ್ತರಗಳಲ್ಲಿ ಲೆಕ್ಕದ ವಾಸನೆ ಸ್ವಲ್ಪ ಬರಬಹುದು.

ಪ್ರಶ್ನೆ: ನಮ್ಮ ಅತ್ತೆ ದಿನಾ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಮಿಷನ್ ಡಬ್ಬಿಗೆ ಹಾಕುತ್ತಿದ್ದರು. ಕಳೆದ ವರ್ಷ ತೀರಿಕೊಂಡರು. ಈಗ ಸಭೆಯಲ್ಲಿ ಅಕ್ಕಿ ತರುವುದು ಬೇಡ, ತಿಂಗಳಿಗೆ 500 ರೂಪಾಯಿ ಗೂಗಲ್ ಪೇ ಮಾಡಿ ಅನ್ನುತ್ತಾರೆ. ನಮಗೆ ಮನೆ ಸಾಲದ ಕಂತಿದೆ, ಮಾವನ ಮದ್ದಿನ ಖರ್ಚಿದೆ. ಈ ವರ್ಷ ಏನೂ ಬೇಡ ಅಂತ ನಮ್ಮ ಯಜಮಾನರು ಹೇಳುತ್ತಾರೆ. ಇದರ ಮಧ್ಯೆ ವಾಟ್ಸಾಪಿನಲ್ಲಿ ಒಂದು ವಿಡಿಯೊ ಬಂತು. ದಶಮಾಂಶ, ಅಂದರೆ ದುಡಿಮೆಯ ಹತ್ತರಲ್ಲೊಂದು ಪಾಲು, ಕೊಡದ ಮನೆಗೆ ಶಾಪ ಅಂತ ಹೇಳಿ ಕೆಳಗೆ ಅಕೌಂಟ್ ನಂಬರ್ ಹಾಕಿದ್ದಾರೆ. ನನಗೆ ಭಯವಾಗುತ್ತಿದೆ. (ಮಂಜೇಶ್ವರ ಕಡೆಯ ಓದುಗರು)

ಉತ್ತರ: ಮೊದಲು ಆ ವಿಡಿಯೊ ಅಳಿಸಿಬಿಡಿ ಅಮ್ಮ. ಆಮೇಲೆ ಮಾತಾಡೋಣ.

ಆ ವಿಡಿಯೊದವರು ಹಿಡಿದುಕೊಂಡಿರುವುದು ಬೈಬಲಿನ ಮಲಾಕಿಯನ ಪುಸ್ತಕದ ಮೂರನೆಯ ಅಧ್ಯಾಯ. ಶಾಪದ ಮಾತು ಅಲ್ಲಿ ಇರುವುದು ಹೌದು. ಆದರೆ ಆ ದಶಮಾಂಶ ಯಾರ ಹೊಟ್ಟೆಗೆ ಹೋಗುತ್ತಿತ್ತು ಅಂತ ತಿಳಿಯಬೇಕಾದರೆ ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದ ಕೊನೆ ಓದಬೇಕು. ಮೂರು ವರ್ಷಕ್ಕೊಮ್ಮೆ ಅದನ್ನು ಊರಲ್ಲೇ ಇಡಬೇಕು. ದೇವರ ಸೇವೆಗೆ ನಿಂತ ಲೇವಿಯರು, ಪರದೇಶಿಗಳು, ತಂದೆಯಿಲ್ಲದ ಮಕ್ಕಳು, ವಿಧವೆಯರು ಅದರಲ್ಲಿ ಹೊಟ್ಟೆ ತುಂಬಾ ಉಣ್ಣಬೇಕು. ಊರಲ್ಲೇ ಇಟ್ಟ ಧಾನ್ಯ ಎಷ್ಟಿದೆ, ಯಾರು ತಿಂದರು ಅಂತ ಎಲ್ಲರ ಕಣ್ಣಿಗೂ ಬೀಳುತ್ತದೆ. ಫೋನಿನಲ್ಲಿ ಬಂದ ಅಕೌಂಟ್ ನಂಬರಿನ ಹಿಂದೆ ಏನಿದೆ ಅಂತ ಯಾರಿಗೆ ಗೊತ್ತು?

ಇನ್ನು ಮಾವನ ಮದ್ದು. ಮಾರ್ಕನ 7ನೆಯ ಅಧ್ಯಾಯದಲ್ಲಿ ಕೊರ್ಬಾನ್ ಅನ್ನುವ ಮಾತು ಬರುತ್ತದೆ, ದೇವರಿಗೆ ಮುಡಿಪು ಅಂತ ಅರ್ಥ. ತಂದೆತಾಯಿಗೆ ಸಲ್ಲಬೇಕಾದ್ದನ್ನು ಕೊರ್ಬಾನ್ ಅಂತ ಹೇಳಿ ಜಾರಿಕೊಳ್ಳುತ್ತಿದ್ದವರನ್ನು ಯೇಸುಸ್ವಾಮಿ ಮುಖಕ್ಕೆ ಹೊಡೆದ ಹಾಗೆ ಗದರಿದ್ದಾರೆ. ಮದ್ದಿನ ದುಡ್ಡು ಮಿಷನ್ ಕವರಿಗೆ ಹೋಗಬಾರದು. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಸಾಲದ ಕಂತೂ ಹಾಗೆಯೇ, ಅದು ಕೊಟ್ಟ ಮಾತು.

ಹಾಗಂತ ಡಬ್ಬಿ ಮುಚ್ಚಿಬಿಡಿ ಅನ್ನುತ್ತಿಲ್ಲ. ನಿಮ್ಮ ಪತ್ರ ಓದಿದ ಮೇಲೆ ನಮ್ಮ ಅಡುಗೆಮನೆಗೆ ಹೋಗಿ ಒಂದು ಕೆಲಸ ಮಾಡಿದೆ. ನಮ್ಮ ಮನೆಯವಳ ಕೈಯಲ್ಲಿ ಒಂದು ಹಿಡಿ ಕುಚ್ಚಲಕ್ಕಿ ತೆಗೆಸಿ ತೂಗಿದೆ. 45 ಗ್ರಾಂ ಬಂತು. (ನನ್ನ ಹಿಡಿ 60 ಗ್ರಾಂ. ಆದರೆ ಮನೆಯಲ್ಲಿ ಅಕ್ಕಿ ಅಳೆಯುವುದು ನಾನಲ್ಲ, ಆದ್ದರಿಂದ ಅದು ಲೆಕ್ಕಕ್ಕಿಲ್ಲ ಅಂದಳು.) ದಿನಕ್ಕೆ ಎರಡು ಹೊತ್ತು ಅಂದರೆ 90 ಗ್ರಾಂ, ತಿಂಗಳಿಗೆ 2.7 ಕಿಲೊ. ಕಿಲೊಗೆ 50 ರೂಪಾಯಿ ಹಿಡಿದರೆ 135 ರೂಪಾಯಿ ಆಯಿತು. ನಿಮ್ಮ ಅತ್ತೆ ಕೊಡುತ್ತಿದ್ದುದು ಹೆಚ್ಚುಕಡಿಮೆ ಇಷ್ಟು. ಅದರಿಂದ ಮನೆಯಲ್ಲಿ ಯಾರ ಹೊಟ್ಟೆಯೂ ಖಾಲಿ ಆಗಿರಲಿಲ್ಲ, ಅಲ್ವಾ?

500 ಅನ್ನುವುದು ಸಭೆಯವರು ತಮ್ಮ ಅನುಕೂಲಕ್ಕೆ ಇಟ್ಟ ಅಂಕಿ. ಕೈಲಿ ಇಲ್ಲದ್ದನ್ನು ದೇವರು ಕೇಳುವುದಿಲ್ಲ, ಇದ್ದುದರ ಪ್ರಕಾರ ಕೊಟ್ಟರೆ ಸಾಕು ಅಂತ ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಸ್ಪಷ್ಟವಾಗಿದೆ. ಬಲವಂತಕ್ಕೆ ಕೊಡಬೇಡಿ ಅಂತ ಮುಂದಿನ ಅಧ್ಯಾಯದಲ್ಲೇ ಇದೆ. ನೀವು 135 ಕಳಿಸಿ. ಯಾರಾದರೂ ಹುಬ್ಬೇರಿಸಿದರೆ ನನ್ನ ಹೆಂಡತಿಯ ಹಿಡಿಯ ಲೆಕ್ಕ ತೋರಿಸಿ.

ಚಿಲ್ಲರೆಯಿಂದ ಏನಾಗುತ್ತದೆ ಅಂತ ಕೇಳುವವರಿದ್ದಾರೆ. ಮಿಜೋರಾಂನ ಪ್ರೆಸ್ಬಿಟೇರಿಯನ್ ಸಭೆಗಳ ಹೆಂಗಸರು 1910ರ ಹೊತ್ತಿಗೆ ಇದೇ ಹಿಡಿ ಅಕ್ಕಿ ಶುರುಮಾಡಿದರು. ಅಲ್ಲಿ ಅದನ್ನು ಬುಹ್‌ಫಾಯ್ ಥಾಮ್ ಅನ್ನುತ್ತಾರೆ. ಆ ಸಭೆಗಳ ಮಿಷನ್ ಕೆಲಸ ಇವತ್ತಿಗೂ ಅದನ್ನು ನೆಚ್ಚಿಕೊಂಡಿದೆ. ನಮ್ಮ ಜಿಲ್ಲೆಯ ತೆಂಕು ದಿಕ್ಕಿನ ಮಲಯಾಳಿ ಸಭೆಗಳಲ್ಲಿ ಪಿಡಿಯರಿ ಅಂದರೆ ಇದೇ. ಅಷ್ಟೇ ಯಾಕೆ, 1834ರಲ್ಲಿ ಮಂಗಳೂರಿಗೆ ಮೂವರು ಬಾಸೆಲ್ ಮಿಷನರಿಗಳು ಬಂದಿಳಿದರಲ್ಲ, ಆ ಮಿಷನ್ನಿಗೂ ಬಲ ಕೊಟ್ಟದ್ದು ಇಂಥದ್ದೇ ಒಂದು ಪದ್ಧತಿ. 1850ರ ದಶಕದಿಂದ ಸ್ವಿಟ್ಜರ್ಲೆಂಡ್ ಕಡೆಯ ಸಾಮಾನ್ಯ ಜನ ವಾರಕ್ಕೊಂದು ಅರ್ಧ ಬಾಟ್ಸೆನ್, ಅಂದರೆ ಪುಡಿಕಾಸು, ಎತ್ತಿಟ್ಟು ಕೊಡುತ್ತಿದ್ದರು. ನಮ್ಮ ಅಜ್ಜಂದಿರ ಶಾಲೆಗೆ ಸೀಮೆಸುಣ್ಣ ಬಂದದ್ದು ದೊಡ್ಡ ಸಾಹುಕಾರರಿಂದ ಮಾತ್ರ ಅಂದುಕೊಳ್ಳಬೇಡಿ.

ಈಗ ನೀವು ಕೇಳದೇ ಇರುವ ಒಂದು ವಿಷಯ. ಕೊಟ್ಟ ಮೇಲೆ ರಶೀದಿ ಕೇಳಿ. ಕೇಳಿದರೆ ನಂಬಿಕೆ ಇಲ್ಲ ಅಂದುಕೊಳ್ಳುತ್ತಾರೆ ಅಂತ ನಮ್ಮ ಜನ ಸುಮ್ನೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಫಿಲಿಪ್ಪಿ ಸಭೆಯವರು ಸೆರೆಯಲ್ಲಿದ್ದ ಪೌಲನಿಗೆ ಸಹಾಯ ಕಳಿಸಿದಾಗ, ನನಗೆ ಎಲ್ಲ ಬಂದು ತಲುಪಿದೆ ಅಂತ ಆತ ವಾಪಸ್ ಬರೆದ. ಅಲ್ಲಿ ಬಳಸಿದ ಗ್ರೀಕ್ ಪದ ಆಗಿನ ವ್ಯಾಪಾರಿಗಳು ರಶೀದಿಯಲ್ಲಿ ಬರೆಯುತ್ತಿದ್ದ ಪದ! ಯೆರೂಸಲೇಮಿನ ಬಡವರಿಗೆ ಹಣ ಒಯ್ಯುವಾಗಲೂ ಆತ ಒಬ್ಬನೇ ಹೊರಡಲಿಲ್ಲ. ಸಭೆಗಳು ಆರಿಸಿದವರನ್ನು ಜೊತೆಗೆ ಹಾಕಿಕೊಂಡ. ದೇವರ ಮುಂದೆ ಮಾತ್ರ ಅಲ್ಲ, ಮನುಷ್ಯರ ಮುಂದೆಯೂ ನೆಟ್ಟಗಿರಬೇಕು ಅನ್ನುವುದು ಆತನ ಲೆಕ್ಕ.

ನನಗೆ ಈ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆ. ಒಂದು ಬೆಳೆ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ಬೆಳೆಯ ಏಲಂ ಜೋರಾಗಿ ನಡೆಯಿತು. ಒಂದು ಚೀನಿಕಾಯಿ (ಸಿಹಿಗುಂಬಳ) ಹತ್ತು ರೂಪಾಯಿಯಿಂದ ಶುರುವಾಗಿ 1,200ಕ್ಕೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕರೆದವರ ಹೆಸರನ್ನು ನಾನು ಒಂದು ಮದುವೆ ಕಾಗದದ ಹಿಂದೆ ಗೀಚಿಕೊಂಡಿದ್ದೆ. ಆ ಕಾಗದ ಅಂಗಿಯ ಜೊತೆ ಒಗೆಯಲು ಹೋಯಿತು. ಚೀನಿಕಾಯಿ ಯಾರದೋ ಮನೆಯಲ್ಲಿ ಸಾಂಬಾರಾಯಿತು, ದುಡ್ಡು ಬರಲೇ ಇಲ್ಲ. ಮುಂದಿನ ಸಭಾ ಕೂಟದಲ್ಲಿ ಒಬ್ಬ ಹಿರಿಯರು ಎಲ್ಲರೆದುರು ಚೀನಿಕಾಯಿ ಎಲ್ಲಿ ಅಂತ ಕೇಳಿದರು. ನಾನು ಕೈಯಿಂದ ಕಟ್ಟಿದೆ. ಅಂದಿನಿಂದ ಏಲಂ ಮೇಜಿನ ಮೇಲೆ ಕಾರ್ಬನ್ ಹಾಕಿದ ರಶೀದಿ ಪುಸ್ತಕ ಬಂತು.

ಪ್ರಶ್ನೆ: ನನ್ನ ಮಗ ದುಬೈಯಲ್ಲಿ ಕೆಲಸಕ್ಕಿದ್ದಾನೆ. ದೇವಾಲಯದ ಮಾಡು ರಿಪೇರಿಗೆ ಒಂದು ಲಕ್ಷ ಕಳಿಸುತ್ತೇನೆ ಅಂದ. ಅವನ ಜೊತೆ ಕೆಲಸ ಮಾಡುವ ಫಿಲಿಪ್ಪೀನ್ಸಿನ ಹುಡುಗ 20,000 ಸೇರಿಸುತ್ತಾನಂತೆ. ಇದು ವಿದೇಶಿ ದುಡ್ಡು, ಸಭೆಗೆ ಕೇಸಾಗುತ್ತದೆ ಅಂತ ನಮ್ಮ ಖಜಾಂಚಿ ಹೆದರಿದ್ದಾರೆ. (ಉಪ್ಪಳದ ಓದುಗರು)

ಉತ್ತರ: ಖಜಾಂಚಿ ಅರ್ಧ ಸರಿ. ಹೆದರುವ ಖಜಾಂಚಿ ಸಿಕ್ಕಿದ್ದು ನಿಮ್ಮ ಪುಣ್ಯ.

ಮಗನ ಕೈಲಿ ಭಾರತದ ಪಾಸ್‌ಪೋರ್ಟ್ ಇದ್ದು, ತನ್ನ ಸ್ವಂತ ಸಂಪಾದನೆಯನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅವನ ಪಾಸ್‌ಪೋರ್ಟಿನ ಪ್ರತಿ, ಇದು ನನ್ನ ಉಳಿತಾಯದ ಹಣ ಅಂತ ಒಂದು ಪತ್ರ, ಎರಡನ್ನೂ ಫೈಲಿನಲ್ಲಿ ಇಡಿ. ಹವಾಲಾ ಹುಂಡಿ ಮೂಲಕ ಅಥವಾ ಊರಿಗೆ ಬರುವವರ ಕೈಯಲ್ಲಿ ನೋಟಿನ ಕಟ್ಟು ಕಳಿಸುವುದು ಬೇಡವೇ ಬೇಡ.

ಸ್ನೇಹಿತನ ಹಣದ ಕಥೆ ಬೇರೆ. ಅದು ಎಫ್‌ಸಿಆರ್‌ಎ, ಅಂದರೆ 2010ರ ವಿದೇಶಿ ದೇಣಿಗೆ ಕಾಯ್ದೆಯ ಕೆಳಗೆ ಬರುತ್ತದೆ. ನಿಮ್ಮ ಮಗನ ಅಕೌಂಟಿಗೆ ಹಾಕಿಸಿ ಒಟ್ಟಿಗೆ ಕಳಿಸಿದರೂ ಅದರ ಬಣ್ಣ ಬದಲಾಗುವುದಿಲ್ಲ. ನೋಂದಣಿ ಅಥವಾ ಮೊದಲೇ ಪಡೆದ ಅನುಮತಿ ಇಲ್ಲದ ಸಭೆ ಅದನ್ನು ಮುಟ್ಟುವ ಹಾಗಿಲ್ಲ. 2020ರ ತಿದ್ದುಪಡಿ ಬಂದ ಮೇಲಂತೂ ಇಂಥ ಹಣ ಮೊದಲು ಸ್ಟೇಟ್ ಬ್ಯಾಂಕಿನ ದಿಲ್ಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನೋಂದಣಿ ಇರುವ ಬೇರೆ ಸಂಸ್ಥೆ ಪಡೆದು ನಿಮಗೆ ದಾಟಿಸುವುದಕ್ಕೂ ಅವಕಾಶ ಇಲ್ಲ. ಆ ಹುಡುಗನಿಗೆ ಥ್ಯಾಂಕ್ಸ್ ಹೇಳಿ, ನಿಮ್ಮ ಊರಿನ ಸಭೆಗೇ ಕೊಡಪ್ಪ ಅನ್ನಿ.

ಅಂದ ಹಾಗೆ, ಮಾಡಿನ ಹಳೆ ಹಂಚು ಇಳಿಸುವಾಗ ಒಂದೊಂದನ್ನೂ ತಿರುಗಿಸಿ ನೋಡಿ. ಬಾಸೆಲ್ ಮಿಷನ್, 1865 ಅಂತ ಅಚ್ಚು ಇರುವುದು ಸಿಕ್ಕರೆ ಒಂದೆರಡು ತೆಗೆದಿಡಿ. ಅದು ಮಂಗಳೂರಿನಲ್ಲಿ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ.

ಪ್ರಶ್ನೆ: ನಮ್ಮ ಯುವಕ ಸಂಘದ ಹನ್ನೆರಡು ಮಂದಿ ಉತ್ತರ ಭಾರತಕ್ಕೆ ಹತ್ತು ದಿನದ ಮಿಷನ್ ಪ್ರವಾಸ ಹೋಗಬೇಕೆಂದು ಹಣ ಕೂಡಿಸಿದ್ದೇವೆ. ಹಿರಿಯರು ಅದು ಪಿಕ್‌ನಿಕ್ ಅಂತ ತಮಾಷೆ ಮಾಡುತ್ತಾರೆ. ನಿಮ್ಮ ಅಭಿಪ್ರಾಯವೇನು? (ಬದಿಯಡ್ಕ ಹತ್ತಿರದ ಓದುಗರು)

ಉತ್ತರ: ಹೋಗಿ ಬನ್ನಿ, ಬೇಡ ಅನ್ನಲು ನಾನು ಯಾರು? ದೂರದ ಊರು ನೋಡಿದರೆ ಕಣ್ಣು ತೆರೆಯುತ್ತದೆ. ಪರದೇಶದ ದುಡ್ಡಿಗೆ ಕಾಯದೆ ನಮ್ಮವರೇ ನಮ್ಮ ಹಣದಲ್ಲಿ ಮಿಷನ್ ನಡೆಸಬೇಕು ಅಂತ 1905ರ ಕ್ರಿಸ್ಮಸ್ ದಿನ ಸೆರಾಂಪುರದಲ್ಲಿ ರಾಷ್ಟ್ರೀಯ ಮಿಷನರಿ ಸಂಘ ಕಟ್ಟಿದವರೂ ಚಿಕ್ಕ ಪ್ರಾಯದವರೇ. ಮುಂದೆ ಬಿಷಪರಾದ ವಿ.ಎಸ್. ಅಜರಯ್ಯನವರಿಗೆ ಆಗ ಮೂವತ್ತೊಂದು ವರ್ಷ.

ಆದರೆ ಬದಿಯಡ್ಕದಿಂದ ಎಣ್ಮಕಜೆಗೆ ಎಷ್ಟು ದೂರ? ನಿಮ್ಮ ಸಂಘದಲ್ಲಿ ಎಷ್ಟು ಮಂದಿ ಅಲ್ಲಿನ ಎಂಡೋಸಲ್ಫಾನ್ ಪೀಡಿತರ ಮನೆಗಳಿಗೆ ಹೋಗಿದ್ದಾರೆ? 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಪಡ್ರೆ, ಸ್ವರ್ಗ ಕಡೆ ಅದರ ಪೆಟ್ಟು ತಿಂದ ಮನೆಗಳು ಇನ್ನೂ ಇವೆ. 2017ರಲ್ಲಿ ಸುಪ್ರೀಂ ಕೋರ್ಟು ಐದು ಲಕ್ಷ ಪರಿಹಾರ ಕೊಡಿ ಅಂತ ಹೇಳಿತು. ಪರಿಹಾರ ಬಂದರೂ ಮಲಗಿದ ಮಗನನ್ನು ಮಗ್ಗುಲು ಬದಲಿಸಲು ದಿನಾ ಒಬ್ಬರು ಬೇಕಲ್ಲ?

ಅಂಥ ಒಂದು ಮನೆಗೆ ನಾನು ಹೋಗುತ್ತಿದ್ದೆ. ಮಗನಿಗೆ ಇಪ್ಪತ್ತಾರು ವರ್ಷ, ಒಂದು ಚಾಪೆಯಷ್ಟೇ ಅವನ ಜಗತ್ತು. ನಾನು ಏನೇನೋ ಪ್ರಾರ್ಥನೆ ಮಾಡಿ ಎದ್ದಾಗ ಅವನ ತಾಯಿ ಕೇಳಿದ್ದು ಒಂದೇ: "ನೀವು ಇನ್ನು ಅರ್ಧ ಗಂಟೆ ಕೂತಿರುತ್ತೀರಾ? ನಾನು ತಲೆಗೆ ಸ್ನಾನ ಮಾಡಿ ಬರುತ್ತೇನೆ." ಅವರು ನಮ್ಮ ಸಭೆಯವರೂ ಅಲ್ಲ, ನಮ್ಮ ಧರ್ಮದವರೂ ಅಲ್ಲ.

ತಿಂಗಳಿಗೆ ಒಂದು ಶನಿವಾರ ಮೂರು ಗಂಟೆ ಹಾಗೆ ಕೂತುಕೊಳ್ಳಲು ಹನ್ನೆರಡು ಮಂದಿಗೆ ಆಗುತ್ತದಾ ನೋಡಿ. ನೇರ ನುಗ್ಗಬೇಡಿ. ಕೇರಳದಲ್ಲಿ ಪಾಲಿಯೇಟಿವ್ ಆರೈಕೆಗೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಗೆ, 2008ರಲ್ಲೇ ಸರಕಾರದ ನೀತಿ ಬಂದಿದೆ, ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಮನೆಗೆ ಹೋಗುತ್ತಾರೆ. ಮೊದಲು ಅವರನ್ನು ಕಾಣಿ. ಯಾವ ಮನೆಗೆ ಜನ ಬೇಕು, ಯಾವ ಮನೆಗೆ ದೊಡ್ಡವರ ಡೈಪರ್ ಬೇಕು ಅಂತ ಅವರಿಗೆ ಗೊತ್ತಿರುತ್ತದೆ. ಕರಪತ್ರ ಒಯ್ಯಬೇಡಿ. ಫೋನು ಜೇಬಿನಿಂದ ಹೊರಗೆ ತೆಗೆಯಬೇಡಿ. ಆ ಮಕ್ಕಳ ಫೋಟೊ ಈಗಾಗಲೇ ಬೇಕಾದಷ್ಟು ಜನ ತೆಗೆದಾಗಿದೆ. ಪ್ರವಾಸದ ವರದಿಯಲ್ಲಿ ಇದನ್ನು ಸೇರಿಸುವುದೂ ಬೇಡ.

ಪ್ರಶ್ನೆ: ಮೊಮ್ಮಗ ಮಲಯಾಳ ಮೀಡಿಯಂ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಆರಾಧನೆಯಲ್ಲಿ ಹಾಡುವ ಕನ್ನಡ ಸಂಗೀತಗಳನ್ನು ಮಲಯಾಳ ಅಕ್ಷರದಲ್ಲಿ ಪರದೆ ಮೇಲೆ ಹಾಕಬೇಕೆಂದು ಕೆಲವರು ಕೇಳಿದ್ದಕ್ಕೆ ಸಭೆಯಲ್ಲಿ ದೊಡ್ಡ ಜಗಳ. (ಕಾಸರಗೋಡಿನ ಓದುಗರು)

ಉತ್ತರ: 1956ರ ನವೆಂಬರ್ 1ಕ್ಕೆ ಊರು ಕೇರಳಕ್ಕೆ ಹೋದ ನೋವು ಹಿರಿಯರಿಗೆ ಇನ್ನೂ ಇದೆ. ಅದನ್ನು ಹಗುರ ಮಾಡಬೇಡಿ. ಆದರೆ ಲಿಪಿ ಬೇರೆ, ಭಾಷೆ ಬೇರೆ. 1847ರಲ್ಲಿ ಮಂಗಳೂರಿನಲ್ಲಿ ತುಳು ಹೊಸ ಒಡಂಬಡಿಕೆ ಅಚ್ಚಾದದ್ದು ಕನ್ನಡ ಲಿಪಿಯಲ್ಲಿ, ಅದರಿಂದ ತುಳು ಸಾಯಲಿಲ್ಲ. ಬೇಳದ ಇಗರ್ಜಿಯ ಕಡೆ ಕೊಂಕಣಿ ಪ್ರಾರ್ಥನೆ ಓದುವುದೂ ಕನ್ನಡ ಅಕ್ಷರದಲ್ಲೇ. ಹುಡುಗ ಬಾಯಿ ಮುಚ್ಚಿ ಕೂರುವುದಕ್ಕಿಂತ ಮಲಯಾಳ ಅಕ್ಷರ ನೋಡಿ ಕನ್ನಡದಲ್ಲಿ ಹಾಡಲಿ ಬಿಡಿ.

ಪರದೆಯಲ್ಲಿ ಎರಡೂ ಲಿಪಿ ಇರಲಿ, ಮೇಲೆ ಕನ್ನಡ, ಕೆಳಗೆ ಮಲಯಾಳ. ಜಗಳಕ್ಕೆ ನಿಂತ ಹಿರಿಯರಲ್ಲಿ ಒಬ್ಬರಿಗೆ ಸಂಡೆ ಸ್ಕೂಲಿನ ಆಮೇಲೆ ಅರ್ಧ ಗಂಟೆ ಕನ್ನಡ ಅಕ್ಷರ ಕಲಿಸುವ ಕೆಲಸ ಒಪ್ಪಿಸಿ. ಮಲಯಾಳ ಬಲ್ಲ ಮಗುವಿಗೆ ಅ, ಆ ಹೊಸದಲ್ಲ, ಆಕಾರ ಮಾತ್ರ ಹೊಸದು. ಮೊದಲ ವಾರ ಅವನ ಹೆಸರು, ಎರಡನೆಯ ವಾರ ನಿಮ್ಮ ಹೆಸರು ಬರೆಸಿ.