ಪಾದಪೂಜೆ ಮಾಡಲಾ, ಬೇಡ್ವಾ?

ಆಷಾಢ ಬಂತೆಂದರೆ ಈ ಥರದ ಪ್ರಕರಣ ಒಂದಾದರೂ ಸಲಹೆಗೆ ಅಂತ ನನ್ನ ಹತ್ತಿರ ಬರುತ್ತದೆ. ಗಂಡನಿಗೆ ಬೇರೆ ಸಂಬಂಧ ಇದೆ, ಹೆಂಡತಿಗೆ ಗೊತ್ತಾಗಿದೆ, ಅಷ್ಟರಲ್ಲಿ ಭೀಮನ ಅಮಾವಾಸ್ಯೆ ಎದುರಿಗೆ ನಿಂತಿದೆ. ಈಕೆಯನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರ ಬದಲಿಸಿದ್ದೇನೆ.

ನಲವತ್ತರ ಹತ್ತಿರದ ವಯಸ್ಸು, ಇಬ್ಬರು ಮಕ್ಕಳು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಮೊದಲ ಎರಡು ಸಲ ಬಂದಾಗ "ನನ್ನಲ್ಲಿ ಏನು ಕಮ್ಮಿ ಮೇಡಂ" ಅನ್ನುವುದೊಂದೇ ಮಾತು. ಅದಕ್ಕೆ ಉತ್ತರ ಹುಡುಕಲು ನಾನು ಹೋಗಲಿಲ್ಲ. ಹುಡುಕಿದರೆ ತಪ್ಪು ಅವರದೇ ಅಂತ ಅರ್ಧ ಒಪ್ಪಿದ ಹಾಗೆ, ಅಲ್ವಾ?

ಮೂರನೇ ಸಲ ಚೀಲ ಕೆಳಗಿಡುವ ಮೊದಲೇ ಕೇಳಿದರು. "ಈ ಸಲ ಪಾದಪೂಜೆ ಮಾಡಲಾ, ಬೇಡ್ವಾ? ಅಷ್ಟು ಹೇಳಿ ಸಾಕು."

ನನಗೆ ಏನೂ ತೋಚಲಿಲ್ಲ. ಹೋದ ವರ್ಷ ಹೇಗೆ ಮಾಡಿದ್ರಿ ಅಂದೆ, ಸುಮ್ನೆ, ಯೋಚಿಸಲು ಸಮಯ ಬೇಕಿತ್ತು. "ಕಾಲು ತೊಳೀತಿದ್ದೆ. ಫೋನು ಬಂತು. ಕಾಲು ತಟ್ಟೆಯಲ್ಲೇ ಇಟ್ಕೊಂಡು ಮೆಸೇಜ್ ನೋಡಿ ನಕ್ಕರು. ನಾನು ನೀರು ಹಾಕ್ತಾನೇ ಇದ್ದೆ."

ವ್ರತ ಬಿಡಿ ಅಂತ ಹೇಳಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಅದು ಅವರ ಮತ್ತು ಅವರ ದೇವರ ವಿಷಯ. ನಾನು ಕೇಳಿದ್ದು ಬೇರೆ. ಗಂಡನ ಜೊತೆ ಈಗಲೂ ಮಲಗ್ತೀರಾ? ತಲೆಯಾಡಿಸಿದರು. ಹಾಗಾದರೆ ರಕ್ತ ಪರೀಕ್ಷೆ ಮಾಡಿಸಿದ್ದೀರಾ? ಸಿಟ್ಟು ಬಂತು ಅವರಿಗೆ. "ಛೇ, ಅವರು ಅಂಥವರಲ್ಲ ಮೇಡಂ!"

ಹೇಳಿದ ಮಾತು ಅವರ ಕಿವಿಗೇ ಬಿತ್ತು. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಎಲ್ಲಿ ಮಾಡಿಸಬೇಕು?" ಅಂದರು.

ಮನೆ ಮುರಿಯುವ ಪ್ರಶ್ನೆ ಅಂತ ನನ್ನನ್ನು ಬೈದವರಿದ್ದಾರೆ. ಇರಲಿ. ಗಂಡನ ಮೇಲಿನ ನಂಬಿಕೆ ಸೋಂಕು ತಡೆಯುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟಾಗಿ ಇಡುತ್ತಾರೆ. ಉಳಿದ ಲೈಂಗಿಕ ಸೋಂಕುಗಳ ಬಗ್ಗೆಯೂ ಅಲ್ಲೇ ಕೇಳಿ ಅಂದೆ. ವರದಿ ಬರುವ ತನಕ ಕಾಂಡೋಮ್ ಇಲ್ಲದೆ ಬೇಡ, ಅಂತಲೂ.

ಇನ್ನೊಂದು, "ಪೊಲೀಸ್ ಕಂಪ್ಲೇಂಟ್ ಕೊಟ್ಟು ಒಳಗೆ ಹಾಕಿಸ್ತೀನಿ" ಅಂತ ಅವರ ತಮ್ಮ ಕುದಿಯುತ್ತಿದ್ದನಂತೆ. ಆಗಲ್ಲ. ವ್ಯಭಿಚಾರವನ್ನು ಅಪರಾಧ ಅನ್ನುತ್ತಿದ್ದ ಐಪಿಸಿ (ಭಾರತೀಯ ದಂಡ ಸಂಹಿತೆ) 497ನೇ ಕಲಮನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲೇ ತೆಗೆದುಹಾಕಿದೆ. ಅದು ಇದ್ದಾಗಲೂ ಹೆಂಡತಿ ಗಂಡನ ಮೇಲೆ ಆ ದೂರು ಕೊಡುವಂತಿರಲಿಲ್ಲ. ಆದರೆ ವಿಚ್ಛೇದನ ಕೇಳಲು ಇದು ಈಗಲೂ ಕಾರಣವೇ. ಬಿಡುವುದಾ ಇರುವುದಾ ಅಂತ ಅವರಿನ್ನೂ ತೀರ್ಮಾನಿಸಿಲ್ಲ, ನಾನು ಅವಸರ ಮಾಡಿಲ್ಲ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯ ಕೇಳದೆ ಉಚಿತ ವಕೀಲರು ಸಿಗುತ್ತಾರೆ, ಒಮ್ಮೆ ಮಾತಾಡಿ ಬನ್ನಿ ಅಂದೆ. ಹೊಲಿಗೆ ದುಡ್ಡಿಗೆ ಬೇರೆ ಖಾತೆ ತೆಗೆಯಿರಿ ಅಂದೆ. ಅದಕ್ಕೆ ಮಾತ್ರ ತಕ್ಷಣ ಒಪ್ಪಿದರು!

ಅಮಾವಾಸ್ಯೆಯ ಮರುದಿನ ಫೋನ್ ಮಾಡಿದರು. ದೀಪದ ಕಂಬಕ್ಕೆ ಪೂಜೆ ಮಾಡಿ, ಒಂಬತ್ತು ಗಂಟಿನ ದಾರ ಕಟ್ಟಿಕೊಂಡರಂತೆ. ಪಾದದ ತಟ್ಟೆ ಅಟ್ಟದಿಂದ ಇಳಿಸಲಿಲ್ಲವಂತೆ. ಗಂಡ ಕೇಳಲೂ ಇಲ್ಲ.

ಮೊದಲ ವರದಿಯಲ್ಲಿ ಏನೂ ಇಲ್ಲ. ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಬೇಕು. ದೀಪಾವಳಿ ಹತ್ತಿರ ಬರುತ್ತೆ, ಬ್ಲೌಸ್ ಆರ್ಡರ್ ಜಾಸ್ತಿ ಇರುತ್ತೆ ಅಂತ ಗೊಣಗಿದರು. ತಾರೀಖನ್ನು ಆರ್ಡರ್ ಪುಸ್ತಕದಲ್ಲೇ ಬರೆಸಿದ್ದೇನೆ.