ಕಲ್ಲಿನೊಳಗಿರುವ ವಜ್ರವನ್ನು ಕಲ್ಲು ಒಡೆಯದೆ ಎಕ್ಸ್‌ರೇಯಲ್ಲಿ ನೋಡಬಹುದಾ?

ಖಂಡಿತ ನೋಡಬಹುದು. ವಜ್ರ ಅಂದರೆ ಬರೀ ಇಂಗಾಲ, ಹಗುರವಾದ ಪರಮಾಣು. ಅದು ಎಕ್ಸ್‌ರೇಯನ್ನು ಹೆಚ್ಚು ತಡೆಯುವುದಿಲ್ಲ, ಸುತ್ತಲಿನ ಖನಿಜಗಳಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಇರುವುದರಿಂದ ಅವು ಜಾಸ್ತಿ ತಡೆಯುತ್ತವೆ.

ಆಸ್ಪತ್ರೆಯಲ್ಲಿ ಮಾಡುವ ಸಿಟಿ ಸ್ಕ್ಯಾನ್ ಗೊತ್ತಲ್ವಾ, ಇದೂ ಹಾಗೇ. ಕಲ್ಲನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ನೂರಾರು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಸೇರಿಸಿ ಒಳಗಿನ 3ಡಿ ರೂಪ ಕಟ್ಟುತ್ತಾರೆ. ಎಕ್ಲೋಗೈಟ್ ಅನ್ನುವ ಕಲ್ಲಿನಲ್ಲಿ ಇದು ತುಂಬಾ ಚೆನ್ನಾಗಿ ಕಾಣುತ್ತದೆ: ಅದರಲ್ಲಿರುವ ಗಾರ್ನೆಟ್ ಅನ್ನುವ ಕೆಂಪು ಖನಿಜ ಬೆಳ್ಳಗೆ, ಪೈರಾಕ್ಸೀನ್ ಅನ್ನುವ ಹಸಿರು ಖನಿಜ ಬೂದು, ಎಕ್ಸ್‌ರೇಯನ್ನು ಕಡಿಮೆ ತಡೆಯುವ ವಜ್ರ ಕಪ್ಪಗೆ. ಬಿರುಕುಗಳೂ ಕಪ್ಪಗೇ ಕಾಣುವುದರಿಂದ ಆಕಾರವನ್ನೂ ನೋಡಬೇಕು, ವಜ್ರವಾದರೆ ಎಷ್ಟೋ ಸಲ ಎರಡು ಪಿರಮಿಡ್ ಬುಡ ಸೇರಿಸಿ ಅಂಟಿಸಿದ ಹಾಗೆ ಎಂಟು ಮುಖ ಇರುತ್ತದೆ.

ಸೈಬೀರಿಯಾದ ಉದಾಚ್ನಾಯಾ ಗಣಿಯ ಒಂದು ಕಲ್ಲನ್ನು ಹೀಗೆ ನೋಡಿದಾಗ ಅದರಲ್ಲಿ ಸುಮಾರು 30,000 ಪುಟ್ಟ ವಜ್ರಗಳಿದ್ದವು, ಈ ಸುದ್ದಿ ಬಂದಿದ್ದು 2014ರಲ್ಲಿ. ನನಗೆ ಎಣಿಕೆಗಿಂತ ಮುಖ್ಯ ಅನ್ನಿಸುವುದು ಜಾಗ. ಯಾವ ವಜ್ರ ಯಾವ ಖನಿಜದ ಪಕ್ಕ, ಯಾವ ಬಿರುಕಿನ ಸಾಲಿನಲ್ಲಿ ಕೂತಿದೆ ಅಂತ ತಿಳಿದರೆ, ಅದು ಕಲ್ಲಿನ ಜೊತೆಗೇ ಹುಟ್ಟಿತಾ, ಇಲ್ಲ ಆಮೇಲೆ ಹರಿದು ಬಂದ ದ್ರವದಿಂದ ಬೆಳೆಯಿತಾ ಅಂತ ಊಹಿಸಬಹುದು. ಪುಡಿ ಮಾಡಿದರೆ ಈ ಸುಳಿವೆಲ್ಲ ಹೋಯಿತು.

ಗಣಿಗಳಲ್ಲೂ ಎಕ್ಸ್‌ರೇ ಬಳಸುತ್ತಾರೆ. ಬೋಟ್ಸ್‌ವಾನಾದ ಕರೋವೆ ಗಣಿಯಲ್ಲಿ 2024ರಲ್ಲಿ ಸಿಕ್ಕ 2,492 ಕ್ಯಾರೆಟ್ ವಜ್ರವನ್ನು ಪತ್ತೆ ಮಾಡಿದ್ದು ಇಂಥದೇ ಯಂತ್ರ.