ಧೂಮಕೇತುಗೆ ಬೇಕಂತಲೇ ಗುದ್ದಿದ್ದು ಸರೀನಾ?

ಪ್ರಶ್ನೆ: ಸರ್ ನಮಸ್ತೆ, ನಾವು ಶಿವಮೊಗ್ಗ ಕಡೆಯವ್ರು. ಮಗ ಎಂಟನೇ ಕ್ಲಾಸು. ಮೊನ್ನೆ ಯಾವ್ದೋ ವಿಡಿಯೋ ನೋಡ್ದ, 2005ರಲ್ಲಿ ಅಮೆರಿಕದೋರು ಒಂದು ಧೂಮಕೇತುಗೆ ಬೇಕಂತಲೇ ತಾಮ್ರದ ದಿಮ್ಮಿ ಹೊಡೆಸಿದ್ರಂತೆ. ಅವತ್ತಿಂದ ಒಂದೇ ಪ್ರಶ್ನೆ, "ಅದು ದಾರಿ ತಪ್ಪಿ ನಮ್ ಕಡೆ ಬಂದಿದ್ರೆ ಏನಮ್ಮಾ ಮಾಡ್ತಿದ್ರು?" ಅಂತ. ನಮ್ಮತ್ತೆಯವ್ರೂ ಅವನ ಪಾರ್ಟಿ, ಅದರ ಪಾಡಿಗೆ ಅದು ಹೋಗ್ತಿತ್ತು ಯಾಕೆ ಕೆಣಕ್ಬೇಕಿತ್ತು ಅಂತಾರೆ. ನಂಗೂ ಅನ್ಸುತ್ತೆ, ಹತ್ರ ಹೋಗಿ ಫೋಟೋ ತೆಗೆದಿದ್ರೆ ಸಾಕಿತ್ತಲ್ವಾ, ಅಷ್ಟೊಂದು ದುಡ್ಡು ಯಾಕೆ ದಂಡ? ಆಮೇಲೆ ಮಗ ಕೇಳ್ತಿದಾನೆ, ಆ ತಾಮ್ರ ಈಗ ಎಲ್ಲಿದೆ ಅಂತ. ದಯವಿಟ್ಟು ಉತ್ತರಿಸಿ.

ಉತ್ತರ: ಮೊದ್ಲು ನಿಮ್ಮ ಅತ್ತೆಯವ್ರಿಗೆ ನಮಸ್ಕಾರ ತಿಳಿಸಿ, ಅವ್ರು ಕೇಳಿದ್ದು ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಆಗ ರಷ್ಯಾದಲ್ಲಿ ಒಬ್ಬ ಜ್ಯೋತಿಷಿ ಇದೇ ವಿಷಯಕ್ಕೆ ನಾಸಾ ಮೇಲೆ ಕೇಸೇ ಹಾಕಿದ್ರು, ಧೂಮಕೇತುಗೆ ಹೊಡೆದ್ರೆ ವಿಶ್ವದ ಸಮತೋಲನ ಕೆಡುತ್ತೆ, 30 ಕೋಟಿ ಡಾಲರ್ ಪರಿಹಾರ ಕೊಡಿ ಅಂತ. ಕೋರ್ಟು ಒಪ್ಪಲಿಲ್ಲ ಬಿಡಿ. ನಮ್ಮ ಕಡೇನೂ ಬಾಲಚುಕ್ಕಿ ಅಂದ್ರೆ ರಾಜನಿಗೆ ಕೇಡು, ಊರಿಗೆ ಬರ ಅಂತ ಹೆದರ್ಕೊಂಡು ಬಂದವ್ರೇ ಜಾಸ್ತಿ, ಹಂಗಾಗಿ ಅದಕ್ಕೇ ಹೋಗಿ ಗುದ್ದೋದು ಅಂದ್ರೆ ಎದೆ ಧಸಕ್ ಅನ್ನೋದು ಸಹಜ.

ಆ ಮಿಷನ್ ಹೆಸರು ಡೀಪ್ ಇಂಪ್ಯಾಕ್ಟ್. 2005ರ ಜನವರಿ 12ಕ್ಕೆ ಹೊರಡ್ತು, ಜುಲೈ 4ಕ್ಕೆ ಟೆಂಪಲ್ 1 ಅನ್ನೋ ಧೂಮಕೇತು ಹತ್ರ ಹೋಯ್ತು. ಜುಲೈ 4 ಅಂದ್ರೆ ಅವ್ರ ಸ್ವಾತಂತ್ರ್ಯ ದಿನ, ಪಟಾಕಿ ಹೊಡಿಯೋಕೆ ಅವ್ರಿಗೆ ಭೂಮಿ ಸಾಕಾಗ್ಲಿಲ್ಲ ಅಂತ ನಾವು ಆಗ ಆಡ್ಕೊಂಡಿದ್ದು ಉಂಟು. ನಮ್ಮಲ್ಲಿ ಸೋಮವಾರ ಬೆಳಗ್ಗೆ ಹನ್ನೊಂದೂಕಾಲು ದಾಟಿತ್ತು ಸಿಗ್ನಲ್ ಬಂದಾಗ. ನೌಕೆಯಲ್ಲಿ ಎರಡು ಭಾಗ, ಒಂದು ದೂರದಿಂದ ನೋಡೋದು, ಇನ್ನೊಂದು ಸುಮಾರು 370 ಕೆಜಿದು ಗುದ್ದೋದು. ಗುದ್ದೋದನ್ನ ಒಂದು ದಿನ ಮುಂಚೆ ಬಿಟ್ರು. ಅಲ್ಲಿಂದ ನಮಗೆ 13 ಕೋಟಿ ಕಿಲೋಮೀಟರ್, ರೇಡಿಯೋ ಸಿಗ್ನಲ್ ಬರೋಕೇ ಏಳು ನಿಮಿಷದ ಮೇಲೆ ಬೇಕು, ಅದಕ್ಕೇ ಕೊನೇ ಎರಡು ಗಂಟೆ ಅದು ತನ್ನ ಕ್ಯಾಮೆರಾ ನೋಡ್ಕೊಂಡು ತಾನೇ ದಾರಿ ಸರಿ ಮಾಡ್ಕೊಂಡು ಹೋಗ್ಬೇಕಿತ್ತು, ಹಂಗೇ ಹೋಯ್ತು. ಹೊಡೆದ್ರು ಹೊಡೆದ್ರು ಅಂತೀವಿ, ನಿಜವಾಗಿ ನೋಡಿದ್ರೆ ಹೈವೇಲಿ ಬರ್ತಿರೋ ಲಾರಿ ಮುಂದೆ ಕಲ್ಲು ತಂದಿಟ್ಟಂಗೆ, ಧೂಮಕೇತುನೇ ಸೆಕೆಂಡಿಗೆ 10 ಕಿಲೋಮೀಟರ್ ಸ್ಪೀಡಲ್ಲಿ ಬಂದು ಇದನ್ನ ಗುದ್ತು.

ಈಗ ಮಗನ ಭಯಕ್ಕೆ ಬರೋಣ. ಟೆಂಪಲ್ 1 ಉದ್ದ ಹತ್ತಿರಹತ್ತಿರ 7.6 ಕಿಲೋಮೀಟರ್, ಅಗಲ 5 ಕಿಲೋಮೀಟರ್ ಅಂದ್ಕೊಳ್ಳಿ, ತೂಕ ಸುಮಾರು 7 ಸಾವಿರ ಕೋಟಿ ಟನ್. ಅದಕ್ಕೆ 370 ಕೆಜಿ ತಾಗಿದ್ದು ಅಂದ್ರೆ, ಲೆಕ್ಕ ಹಾಕಿ ನೋಡ್ದೆ, ಹತ್ತು ಟನ್ ಲೋಡ್ ಲಾರಿಗೆ ಒಂದೇ ಒಂದು ಸಣ್ಣ ಮರಳಿನ ಕಣ ತಾಗಿದಂಗೆ. ಲಾರಿ ಏನು ಹಳ್ಳಕ್ಕೆ ಬೀಳುತ್ತಾ? ಅದರ ವೇಗ ಬದಲಾಗಿದ್ದು ಸೆಕೆಂಡಿಗೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು, ಅಂದ್ರೆ ಇಡೀ ದಿನಕ್ಕೆ ಒಂದು ಸೆಂಟಿಮೀಟರೂ ಇಲ್ಲ, ಅದೂ ಸೆಕೆಂಡಿಗೆ 30 ಕಿಲೋಮೀಟರ್ ಓಡ್ತಿರೋದಕ್ಕೆ! ಇನ್ನೊಂದೇನಪ್ಪಾ ಅಂದ್ರೆ ಆಗ ಅದು ಸೂರ್ಯನಿಗೆ ಎಷ್ಟೇ ಹತ್ರ ಬಂದ್ರೂ ಮಂಗಳ ಗ್ರಹ ಇರೋವಷ್ಟು ದೂರದಲ್ಲೇ ತಿರುಗಿ ಹೋಗ್ತಿತ್ತು, ಭೂಮಿ ದಾರಿಗೆ ಬರೋದೇ ಇಲ್ಲ. ಈ ಧೂಮಕೇತುನ ಆರಿಸ್ಕೊಳ್ಳುವಾಗ ಇದನ್ನೂ ನೋಡಿದ್ರು.

ಅದನ್ನ ನಿಜವಾಗಿ ಕೆಣಕೋದು ಯಾರು ಗೊತ್ತಾ? ಗುರು ಗ್ರಹ. 1867ರಲ್ಲಿ ಟೆಂಪಲ್ ಅನ್ನೋರು ಇದನ್ನ ಕಂಡುಹಿಡಿದ್ರು, 1879ರಲ್ಲಿ ಮತ್ತೆ ನೋಡಿದ್ರು, ಆಮೇಲೆ 1881ರಲ್ಲಿ ಅದು ಗುರು ಹತ್ರ ಹಾದು ಹೋಗಿ ಎಷ್ಟು ದಾರಿ ಬದಲಾಯ್ತು ಅಂದ್ರೆ ಸುಮಾರು 90 ವರ್ಷ ಯಾರ ಕಣ್ಣಿಗೂ ಬೀಳ್ಲಿಲ್ಲ, 1967ರಲ್ಲಿ ಲೆಕ್ಕ ಹಾಕಿ ಹುಡುಕಿ ಹಿಡಿದ್ರು. ಗುರು ಅಷ್ಟು ಮಾಡಿದಾನೆ. ನಾವು ಮಾಡಿದ್ದು ಚಿಟಿಕೆ ಹೊಡೆದಷ್ಟೂ ಇಲ್ಲ. ಗುದ್ದಿದಾಗ ಸುಮಾರು 5 ಸಾವಿರ ಟನ್ ನೀರು ಚಿಮ್ತು ಅಂದ ತಕ್ಷಣ ಅಯ್ಯೋ ಅನ್ಸುತ್ತೆ, ಆದ್ರೆ ಸೂರ್ಯನ ಹತ್ರ ಬಂದಾಗ ಅದು ಬಿಸಿಗೆ ತಾನಾಗೇ ಸೆಕೆಂಡಿಗೆ ನೂರು ಕೆಜಿಗೂ ಜಾಸ್ತಿ ನೀರನ್ನ ಆವಿ ಮಾಡಿ ಉಗಳುತ್ತೆ, ಅರ್ಧ ದಿನ ಬಿಟ್ರೆ ಹೆಚ್ಚುಕಮ್ಮಿ ಅಷ್ಟೇ ಆಯ್ತು. ಗುದ್ದೋಕೆ ಮುಂಚೆ ಆ ಜೂನ್ ತಿಂಗಳಲ್ಲೇ ತನ್ನಷ್ಟಕ್ಕೆ ಎರಡು ಸಲ ಭುಸ್ ಅಂತ ಧೂಳು ಹಾರಿಸಿತ್ತು.

ಹಂಗಾಗಿ ಅಪಾಯದ ಲೆಕ್ಕದಲ್ಲಿ ನಂಗೆ ಯಾವ ತಕರಾರೂ ಇಲ್ಲ. ನನ್ನ ತಕರಾರು ಬೇರೆ ಕಡೆ ಇದೆ, ಅದನ್ನ ಆಮೇಲೆ ಹೇಳ್ತೀನಿ, ಮೊದ್ಲು ನಿಮ್ಮ ಫೋಟೋ ಪ್ರಶ್ನೆ.

ಫೋಟೋ ಯಾಕೆ ಸಾಕಾಗಲ್ಲ ಅಂದ್ರೆ, ಬೇಸಿಗೇಲಿ ಕಲ್ಲಂಗಡಿ ಗಾಡಿ ಹತ್ರ ನೀವೇನ್ ಮಾಡ್ತೀರಾ? ಮೇಲಿಂದ ನೋಡಿದ್ರೆ ಎಲ್ಲಾ ಹಸಿರೇ. ತಟ್ಟಿ ನೋಡ್ತೀರಾ, ಆಮೇಲೂ ನಂಬಿಕೆ ಬರ್ಲಿಲ್ಲ ಅಂದ್ರೆ ಗಾಡಿಯವ್ನೇ ಚಾಕು ಹಾಕಿ ಒಂದು ತ್ರಿಕೋನ ಚೂರು ತೆಗೆದು ಕೆಂಪಗಿದ್ಯಲ್ಲಮ್ಮ ಅಂತ ತೋರಿಸ್ತಾನೆ. ಧೂಮಕೇತು ಅಂದ್ರೆ ಸೂರ್ಯ, ಭೂಮಿ ಎಲ್ಲಾ ಹುಟ್ಟೋ ಹೊತ್ತಲ್ಲಿ, 460 ಕೋಟಿ ವರ್ಷದ ಹಿಂದೆ, ಉಳಿದುಹೋದ ಸಾಮಾನು. ಆದ್ರೆ ಟೆಂಪಲ್ 1 ಐದೂವರೆ ವರ್ಷಕ್ಕೊಂದ್ಸಲ ಸೂರ್ಯನ ಹತ್ರ ಬಂದು ಬಂದು ಮೇಲ್ಗಡೆ ಬೆಂದು ಸುಟ್ಟು ಕಪ್ಪಾಗಿದೆ. ಒಳಗಿಂದು ಬೇಕು ಅಂದ್ರೆ ಚಾಕು ಹಾಕ್ಲೇಬೇಕು. ತಾಮ್ರ ಯಾಕೆ ಅಂದ್ರೂ ಇದೇ ಕಾರಣ, ಗುದ್ದಿದಾಗ ಹೊರಗೆ ಬರೋ ಬೆಳಕನ್ನ ನೋಡಿ ಅಲ್ಲಿ ಏನೇನಿದೆ ಅಂತ ಹೇಳ್ಬೇಕು, ಆಗ ನಮ್ಮ ಗುಂಡಿಂದೇ ಲೋಹದ ಗೆರೆಗಳು (ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿದಾಗ ಒಂದೊಂದು ವಸ್ತುವಿಗೂ ಕಾಣೋ ಗುರುತು) ಮಧ್ಯ ಬಂದು ಗೊಂದಲ ಮಾಡಬಾರ್ದು, ಧೂಮಕೇತುಲಿ ತಾಮ್ರ ಇರೋ ನಿರೀಕ್ಷೆ ಇರ್ಲಿಲ್ಲ, ಹಂಗಾಗಿ ತಾಮ್ರ. ಸಾಂಬಾರ್ ರುಚಿ ನೋಡೋಕೆ ಹೋಗಿ ಸೌಟಿನ ತುಕ್ಕಿನ ರುಚಿ ನೋಡ್ದಂಗೆ ಆಗ್ಬಾರ್ದು ನೋಡಿ.

ಸಿಕ್ಕಿದ್ದೇನು? ಹೆಚ್ಚಿನವ್ರು ಗಟ್ಟಿ ಕೊಳಕು ಐಸ್‌ಗಡ್ಡೆ ಸಿಗುತ್ತೆ ಅಂದ್ಕೊಂಡಿದ್ರು. ಎದ್ದಿದ್ದು ಮಾತ್ರ ಧೂಳು, ಅದೂ ಟಾಲ್ಕಮ್ ಪೌಡರ್ ತರ ನಯವಾದ ಧೂಳು. ಬೇಸಿಗೇಲಿ ಬತ್ತಿದ ಕೆರೆ ಅಂಗಳದ ಪುಡಿಮಣ್ಣಿಗೆ ಕಲ್ಲು ಎಸೆದ್ರೆ ಬುಸ್ ಅಂತ ಏಳುತ್ತಲ್ಲ, ಆ ತರ. ಧೂಮಕೇತು ಒಳಗೆ ಅರ್ಧಕ್ಕಿಂತ ಜಾಸ್ತಿ ಬರೀ ಪೊಳ್ಳು ಅಂತ ಗೊತ್ತಾಯ್ತು. ನೀರಿನ ಮಂಜು, ಇಂಗಾಲದ ಸಂಯುಕ್ತಗಳು ಎಲ್ಲಾ ಇತ್ತು, ಅದರ ಜೊತೆಗೆ ಒಳ್ಳೇ ಶಾಖದಲ್ಲಿ ಮಾತ್ರ ಆಗೋವಂಥ ಹರಳು ಖನಿಜಗಳೂ ಕಂಡ್ವು. ಅಂಥ ಚಳಿ ಜಾಗದಲ್ಲಿ ಹುಟ್ಟಿದ ವಸ್ತು ಒಳಗೆ ಬೆಂಕೀಲಿ ಬೆಂದ ಖನಿಜ ಹೆಂಗೆ ಬಂತು? ಸೌರವ್ಯೂಹ ಕಟ್ಟೋ ಕಾಲದಲ್ಲಿ ಸೂರ್ಯನ ಹತ್ರದ ಸಾಮಾನು ದೂರಕ್ಕೆ ಹೋಗಿ ಬೆರೆತಿರ್ಬೇಕು. ಬರೀ ಫೋಟೋದಲ್ಲಿ ಇದು ಸಿಕ್ತಿರ್ಲಿಲ್ಲ.

ಈಗ ನನ್ನ ತಕರಾರು. ಆ ಧೂಳೇ ಮೋಸ ಮಾಡ್ತು. ಗುದ್ದಿದ ಮೇಲೆ ಗುಂಡಿ ಎಷ್ಟು ದೊಡ್ಡದು, ಎಷ್ಟು ಆಳ ಅಂತ ನೋಡೋದೇ ಮಿಷನ್ನಿನ ದೊಡ್ಡ ಆಸೆ, ಆದ್ರೆ ನೋಡೋ ನೌಕೆ 500 ಕಿಲೋಮೀಟರ್ ದೂರದಲ್ಲಿ ಅದೇ ಹುಚ್ಚು ಸ್ಪೀಡಲ್ಲಿ ಹಾದು ಹೋಗ್ತಿತ್ತು, ಸಿಕ್ಕಿದ್ದು ಹದಿಮೂರು ಹದಿನಾಲ್ಕು ನಿಮಿಷ, ಅಷ್ಟರಲ್ಲಿ ಧೂಳು ಇಳೀಲೇ ಇಲ್ಲ. ಸಾಲದ್ದಕ್ಕೆ ಅದರ ದೊಡ್ಡ ಕ್ಯಾಮೆರಾ ಫೋಕಸ್ ಸರಿ ಇಲ್ಲ ಅಂತ ಹಾರಿಸಿದ ಮೇಲೆ ಗೊತ್ತಾಗಿತ್ತು, ಕಂಪ್ಯೂಟರಲ್ಲಿ ಸರಿ ಮಾಡ್ಕೋಬೇಕಾಯ್ತು. ಮದುವೆ ಫೋಟೋಗ್ರಾಫರ್ ತಾಳಿ ಕಟ್ಟೋ ಹೊತ್ತಿಗೇ ಹೊಗೆ ಜಾಸ್ತಿ ಆಯ್ತು ಸಾರ್ ಅಂದಂಗೆ. ಕೊನೆಗೆ ಬೇರೆ ಧೂಮಕೇತುಗೆ ಅಂತ 1999ರಲ್ಲೇ ಹಾರಿಸಿದ್ದ ಸ್ಟಾರ್‌ಡಸ್ಟ್ ಅನ್ನೋ ಹಳೇ ನೌಕೆನ ತಿರುಗಿಸಿ ಕಳಿಸಿ, 2011ರ ಫೆಬ್ರವರಿ 14ಕ್ಕೆ ಆ ಗುಂಡಿ ನೋಡಿದ್ರು, ಸುಮಾರು 150 ಮೀಟರ್ ಅಗಲ, ಅಂಚೆಲ್ಲಾ ಮಾಸಿದ ಹಂಗೆ, ಮಧ್ಯ ಒಂದು ಸಣ್ಣ ದಿಬ್ಬ. ಗುಂಡಿ ತೋಡಿದವ್ರೇ ಅದನ್ನ ನೋಡೋಕೆ ಐದೂವರೆ ವರ್ಷ ಕಾದ್ರು. ಹೊಡೆದಿದ್ದು ತಪ್ಪಲ್ಲ, ಹೊಡೆದು ನಿಲ್ದೇ ಓಡಿದ್ದು ನಂಗೆ ಸರಿ ಅನ್ಸಲ್ಲ. ಅಲ್ಲೇ ಬ್ರೇಕ್ ಹಾಕಿ ನಿಲ್ಲೋಕೆ ಇಂಧನ ಸಿಕ್ಕಾಪಟ್ಟೆ ಬೇಕು, ಆ ಬಜೆಟ್ಟಲ್ಲಿ ಆಗ್ತಿರ್ಲಿಲ್ಲ, ಅದೂ ನಿಜ.

ಜಪಾನ್‌ನೋರು ಇದನ್ನ ಹೆಂಗೆ ಮಾಡಿದ್ರು ನೋಡಿ. 2019ರ ಏಪ್ರಿಲಲ್ಲಿ ಹಯಬುಸ 2 ನೌಕೆಯಿಂದ ರ್ಯುಗು ಅನ್ನೋ ಕ್ಷುದ್ರಗ್ರಹಕ್ಕೆ ಬರೀ 2 ಕೆಜಿ ತಾಮ್ರದ ಗುಂಡು ಹೊಡೆದ್ರು. ಹೊಡಿಯೋಕೆ ಮುಂಚೆ ಒಂದು ಸಣ್ಣ ಕ್ಯಾಮೆರಾ ಬಿಟ್ಟು, ದೊಡ್ಡ ನೌಕೆ ಹೋಗಿ ರ್ಯುಗು ಹಿಂದ್ಗಡೆ ಬಚ್ಚಿಟ್ಕೊಂಡು, ಎಲ್ಲಾ ಇಳಿದ ಮೇಲೆ ವಾಪಸ್ ಬಂದು ಹತ್ತು ಮೀಟರಿಗೂ ಜಾಸ್ತಿ ಅಗಲದ ಗುಂಡಿಯನ್ನ ಅಳೆದು, ಜುಲೈನಲ್ಲಿ ಅದರ ಪಕ್ಕಕ್ಕೇ ಇಳಿದು ಒಳಗಿಂದ ಬಂದ ಮಣ್ಣನ್ನ ಎತ್ಕೊಂಡು 2020ರ ಡಿಸೆಂಬರಲ್ಲಿ ಭೂಮಿಗೇ ತಂದುಬಿಟ್ರು. ಗುದ್ದೋದಾದ್ರೆ ಹಿಂಗೆ ಗುದ್ಬೇಕು ಸ್ವಾಮಿ. ಅಂದಹಾಗೆ ನಾವೂ ಸುಮ್ನೆ ಕೂತಿಲ್ಲ, 2008ರ ನವೆಂಬರ್ 14ಕ್ಕೆ ನಮ್ಮ ಇಸ್ರೋದ ಚಂದ್ರಯಾನ 1ರಿಂದ ತ್ರಿವರ್ಣ ಬಳಿದ ಪೆಟ್ಟಿಗೆ ಒಂದನ್ನ ಬೇಕಂತಲೇ ಚಂದ್ರನ ದಕ್ಷಿಣ ಧ್ರುವದ ಹತ್ರ ಬೀಳಿಸಿದ್ರು, ಅತ್ತೆಯವ್ರಿಗೆ ಇದನ್ನ ಹೇಳಿ ನೋಡಿ, ಪಾರ್ಟಿ ಬದಲಾಯಿಸಿದ್ರೂ ಬದಲಾಯಿಸಬಹುದು.

ಹಂಗಂತ ಯಾವುದಕ್ಕೆ ಬೇಕಾದ್ರೂ ಗುದ್ದಿ ಅಂತ ನಾನು ಹೇಳಲ್ಲ. 2022ರ ಸೆಪ್ಟೆಂಬರಲ್ಲಿ ಡಾರ್ಟ್ ಅನ್ನೋ ನೌಕೆ ಡೈಮಾರ್ಫಸ್ ಅನ್ನೋ ಸುಮಾರು 160 ಮೀಟರಿನ ಪುಟ್ಟ ಕ್ಷುದ್ರಗ್ರಹಕ್ಕೆ ಗುದ್ದಿದಾಗ, ಅದು ತನ್ನ ದೊಡ್ಡಣ್ಣನ ಸುತ್ತ ಒಂದು ರೌಂಡ್ ಹಾಕೋ ಟೈಮು 11 ಗಂಟೆ 55 ನಿಮಿಷ ಇದ್ದಿದ್ದು ಅರ್ಧ ಗಂಟೆಗೂ ಜಾಸ್ತಿ ಕಮ್ಮಿ ಆಯ್ತು. ಅಲ್ಲಿ ದಾರಿ ಬದಲಾಯಿಸೋದೇ ಉದ್ದೇಶ, ಮುಂದೆ ಯಾವ್ದಾದ್ರೂ ನಮ್ ಕಡೆ ಬಂದ್ರೆ ತಳ್ಳೋಕೆ ಆಗುತ್ತಾ ಅಂತ ಟೆಸ್ಟು. ಅಂದ್ರೆ ಗುರಿ ಸಣ್ಣದಾದಷ್ಟೂ ನಮ್ಮ ಏಟು ತಾಗುತ್ತೆ. ಅದಕ್ಕೆ ಭೂಮಿ ದಾರಿಗೆ ಅಡ್ಡ ಬರೋ ಸಣ್ಣ ಕಲ್ಲಿಗೆ ಬರೀ ಕುತೂಹಲಕ್ಕೆ ಹೊಡಿತೀನಿ ಅಂತ ಯಾರಾದ್ರೂ ಬಂದ್ರೆ ಆಗ ನಾನೂ ನಿಮ್ಮ ಅತ್ತೆಯವ್ರ ಪಕ್ಕದಲ್ಲಿ ಬಂದು ಕೂತ್ಕೋತೀನಿ.

ದುಡ್ಡು: ಒಟ್ಟು 33 ಕೋಟಿ ಡಾಲರ್, ಆಗಿನ ರೇಟಲ್ಲಿ ನಮ್ಮ ಲೆಕ್ಕ 1400 ಕೋಟಿ ರೂಪಾಯಿ ಮೇಲೆ. ದಂಡ ಅಂತ ನಾನು ಹೇಳಲ್ಲ, ಯಾಕಂದ್ರೆ ನೋಡೋ ನೌಕೆ ಅಲ್ಲಿಗೇ ಮುಗೀಲಿಲ್ಲ, 2010ರ ನವೆಂಬರಲ್ಲಿ ಹಾರ್ಟ್ಲಿ 2 ಅನ್ನೋ ಇನ್ನೊಂದು ಧೂಮಕೇತುನೂ ನೋಡ್ಕೊಂಡು ಬಂತು, 2013ರಲ್ಲಿ ಸಂಪರ್ಕ ಕಡಿದುಹೋಗೋವರೆಗೂ ದುಡೀತು.

ಇನ್ನು ಮಗನ ತಾಮ್ರ. ಅದು ಈಗ ಎಲ್ಲೂ ಇಲ್ಲ ಕಣಪ್ಪ. ಆ ಸ್ಪೀಡಲ್ಲಿ ಗುದ್ದಿದ್ರೆ ನಾಲ್ಕೂಮುಕ್ಕಾಲು ಟನ್ ಟಿಎನ್‌ಟಿ ಸ್ಫೋಟಕ ಸಿಡಿಸಿದಷ್ಟು ಶಕ್ತಿ ಒಂದೇ ಏಟಿಗೆ ಹೊರಗೆ ಬರುತ್ತೆ, ದಿಮ್ಮಿ ಅನ್ನೋ ದಿಮ್ಮಿ ಕರಗಿ ಆವಿಯಾಗಿ ಧೂಳಿನ ಜೊತೆ ಹೋಯ್ತು. ಕೊನೇ ಫೋಟೋ ಕಳಿಸಿದ್ದು ಗುದ್ದೋಕೆ ನಾಲ್ಕು ಸೆಕೆಂಡ್ ಕೂಡ ಇಲ್ಲದಿದ್ದಾಗ. ಅದರೊಳಗೆ ಒಂದು ಸಿ.ಡಿ.ನೂ ಇತ್ತು, ನಿಮ್ಮ ಹೆಸರು ಕಳಿಸಿ ಅಂತ ನಾಸಾ ಕರೆದಿದ್ದಕ್ಕೆ ಜನ ಕಳಿಸಿದ್ದ ಆರೂಕಾಲು ಲಕ್ಷ ಹೆಸರು ಅದರಲ್ಲಿತ್ತು, ಅವೆಲ್ಲಾ ತಾಮ್ರದ ಜೊತೆಗೇ ಹೊಗೆ ಆದ್ವು.